ಬಸ್‌ಸ್ಟ್ಯಾಂಡಿಗೆ ಒಯ್ದ ಕಷಾಯ

ಟಣ್. ಹಿತ್ತಾಳೆ ತಂಬಿಗೆಯನ್ನು ಸಿಮೆಂಟಿನ ನೆಲದ ಮೇಲೆ ಇಟ್ಟ ಸದ್ದು. ಕುಕ್ಕಿದ್ದಲ್ಲ, ಸಿಟ್ಟಿನಲ್ಲಿ ಒಗೆದದ್ದೂ ಅಲ್ಲ. ಕುಡಿದು ಮುಗಿಯಿತು, ಇನ್ನು ಹೊರಡುತ್ತೇನೆ ಎಂದು ತಿಳಿಸುವಷ್ಟೇ ಸದ್ದು. ಆಗ ನನಗದು ಕೇಳಿಸಿದ್ದು ನಿಜ, ಅರ್ಥವಾಗಿರಲಿಲ್ಲ. ಅರ್ಥವಾದ ಮೇಲೆ ಎಷ್ಟೋ ವರ್ಷ ಅದು ನನ್ನ ಅಡುಗೆಮನೆಯಲ್ಲಿ ಕೇಳುತ್ತಲೇ ಇತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಶಿರಸಿಯ ಪೇಟೆಗೆ ಹತ್ತಿರದ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ತಂಬಿಗೆ ಇಟ್ಟವರು ನನ್ನ ಗಂಡನ ಅಕ್ಕ. ಸಿದ್ದಾಪುರದ ಕಡೆ ದೊಡ್ಮನೆಯಲ್ಲಿ ಅವರ ಮನೆ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ನನ್ನ ಗಂಡ ಆರು ವರ್ಷದವರಿದ್ದಾಗ ತಾಯಿ ತೀರಿಕೊಂಡರಂತೆ. ಅತ್ತಿಗೆಗೆ ಆಗ ಹದಿನೈದು. ಅಲ್ಲಿಂದ ಮುಂದೆ ತಮ್ಮನಿಗೆ ತಲೆ ಬಾಚಿದ್ದು, ದೋಸೆಗೆ ಜೋನಿಬೆಲ್ಲ ತುಪ್ಪ ಹಾಕಿ ತಿನ್ನಿಸಿದ್ದು, ಶಾಲೆಗೆ ಕಳಿಸಿದ್ದು ಎಲ್ಲ ಅವರೇ. ತಮಗೆ ಮದುವೆಯಾಗಿ ಹೋಗುವಾಗ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದವರು. ಹೀಗಾಗಿ ಅವರು ಬರೀ ಅತ್ತಿಗೆಯಲ್ಲ, ನನ್ನ ಪಾಲಿಗೆ ಅತ್ತೆಯೂ ಅವರೇ.

ನಾನು ಬೆಳೆದದ್ದು ಬೆಳಗಾವಿಯಲ್ಲಿ, ಕಾನ್ವೆಂಟಿನಲ್ಲಿ ಓದಿದವಳು. ಅಪ್ಪನಿಗೆ ಸರ್ಕಾರಿ ನೌಕರಿ. ಮೂಲ ಈ ಕಡೆಯದೇ ಆದರೂ ನಮ್ಮ ಮನೆಯಲ್ಲಿ ಊರಿನ ಮಾತು ಸವೆದುಹೋಗಿತ್ತು. ನಮಗೆ ಟೇಬಲ್ ಮ್ಯಾನರ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಚಮಚ ಎಲ್ಲಿಡಬೇಕು, ನ್ಯಾಪ್‌ಕಿನ್ ಹೇಗೆ ಮಡಚಬೇಕು ಎನ್ನುವುದರ ಜೊತೆಗೆ ಅವರು ಹೇಳುತ್ತಿದ್ದ ಇನ್ನೊಂದು ಮಾತು: ಅತಿಥಿ ‘ನೋ ಥ್ಯಾಂಕ್ಯೂ’ ಅಂದ ಮೇಲೆ ಮತ್ತೆ ಒತ್ತಾಯ ಮಾಡಬಾರದು, ಅದು ಅವರಿಗೆ ಎಂಬರಾಸ್‌ಮೆಂಟ್. ಮದುವೆಯಾದ ಮೇಲೆ ಗಂಡನ ಬ್ಯಾಂಕಿನ ಕೆಲಸದಿಂದಾಗಿ ಹದಿನೆಂಟು ವರ್ಷ ಪುಣೆಯಲ್ಲಿದ್ದೆವು. ಅಲ್ಲಿಯೂ ಈ ಪಾಠಕ್ಕೆ ಧಕ್ಕೆ ಬರಲಿಲ್ಲ. ರಜೆಯಲ್ಲಿ ದೊಡ್ಮನೆಗೆ ಬಂದಾಗ ನಾನು ಯಾವಾಗಲೂ ಅತಿಥಿ. ತಿಂದೆ, ಕುಡಿದೆ, ಹೊಗಳಿದೆ, ವಾಪಸ್ ಹೋದೆ. ಅತ್ತಿಗೆಗೆ ನನ್ನ ಕೈಯಾರೆ ಏನಾದರೂ ಕೊಡುವ ಪ್ರಸಂಗ ಬಂದಿರಲೇ ಇಲ್ಲ.

ಶಿರಸಿಗೆ ಟ್ರಾನ್ಸ್‌ಫರ್ ಆಗಿ ತಿಂಗಳೊಳಗೆ ಆ ಪ್ರಸಂಗ ಬಂತು. ಒಂದು ಸಂತೆಯ ದಿನ, ಸುಡು ಮಧ್ಯಾಹ್ನ, ಅತ್ತಿಗೆ ಚೀಲ ಹಿಡಿದು ಬಾಗಿಲಿಗೆ ಬಂದರು. ಕಾಲಿಗೆ ನೀರು, ಕುಡಿಯಲು ಒಂದು ತಂಬಿಗೆ ನೀರು ಕೊಟ್ಟೆ.

“ಅತ್ತಿಗೆ, ಟೀ ತಗೊಳ್ತೀರಾ, ಕಾಫಿನಾ?”

“ಎಂತದೂ ಬ್ಯಾಡ ತಂಗಿ. ಕುಡ್ಕಂಡೇ ಬಂದಿ.”

“ಶರಬತ್ತು?”

“ಬ್ಯಾಡ.”

“ಓಕೆ ಅತ್ತಿಗೆ” ಎಂದು ನಾನು ಎದುರಿಗೆ ಕುಳಿತೆ. ಅರ್ಧ ತಾಸು ಪುಣೆಯ ವಿಷಯ, ಮಕ್ಕಳ ಓದು, ಹೊಸ ಊರಿನ ಹಾಲಿನವನ ವಿಷಯ ಎಲ್ಲ ಹೇಳಿದೆ. ಅವರು ಹೂಂ ಹೂಂ ಎನ್ನುತ್ತ ಆಗಾಗ ಅಡುಗೆಮನೆಯ ಕಡೆ ನೋಡುತ್ತಿದ್ದರು. ಮನೆ ನೋಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ತಂಬಿಗೆಯಲ್ಲಿ ಉಳಿದಿದ್ದ ನೀರನ್ನೂ ಕುಡಿದರು. ಟಣ್. “ಆನು ಹೋಗ್ತೆ ತಂಗಿ, ಬಸ್ಸಿಗೆ ಹೊತ್ತಾತು.”

ಸಂಜೆ ಗಂಡ ಬಂದವರೇ ಕೇಳಿದರು. “ಅಕ್ಕಯ್ಯ ಬಂದಿತ್ತಡ! ಆಸ್ರಿಗೆ ಎಂತ ಮಾಡ್ದೆ?”

ಬಂದವರ ಬಾಯಾರಿಕೆಗೆ ಕೊಡುವುದಕ್ಕೆ ಈ ಕಡೆ ಆಸ್ರಿ ಎನ್ನುತ್ತಾರೆ. ಬೆಲ್ಲ ನೀರಿನಿಂದ ಹಿಡಿದು ಕಷಾಯದವರೆಗೆ ಎಲ್ಲವೂ ಆಸ್ರಿಯೇ.

“ನೀರು ಕೊಟ್ಟೆ. ಟೀ ಕಾಫಿ ಎಲ್ಲ ಕೇಳಿದೆ. ಅವರೇ ಬೇಡ ಅಂದ್ರು.”

ಅವರು ಶೂ ಬಿಚ್ಚುತ್ತಿದ್ದವರು ಹಾಗೇ ನಿಂತರು. “ಎಷ್ಟು ಸಲ ಕೇಳ್ದೆ?”

“ಎರಡು ಸಲ ಕೇಳಿದೆನಲ್ಲ!”

“ಮೊದಲ್ನೇ ಸಲದ ಬ್ಯಾಡ ಲೆಕ್ಕಕ್ಕಿಲ್ಲೆ ಮಾರಾಯ್ತಿ. ಎರಡನೇದೂ ಲೆಕ್ಕಕ್ಕಿಲ್ಲೆ.”

“ಮೂರನೇದು?”

“ಮೂರನೇದ್ನ ಯಾರೂ ಕೇಳ್ತವಿಲ್ಲೆ. ಅಷ್ಟೊತ್ತಿಗೆ ಒಲೆ ಮೇಲೆ ನೀರು ಕುದ್ದಿರ್ತು.”

“ಅದನ್ನ ನನಗೆ ಮೊದಲೇ ಹೇಳಬಾರದಿತ್ತಾ?”

“ಇದ್ನೂ ಹೇಳಿಕೊಡವ? ಉಸ್ರಾಡದು ಹ್ಯಾಂಗೆ ಹೇಳಿ ಯಾರಾದ್ರೂ ಹೇಳಿಕೊಡ್ತ್ವ?” ಎಂದರು. ನಕ್ಕರು ಕೂಡ. ಆದರೆ ಊಟದ ಹೊತ್ತಿಗೆ ಆ ನಗು ಉಳಿದಿರಲಿಲ್ಲ. “ಅಕ್ಕಯ್ಯ ಬಿಸಿಲಲ್ಲಿ ಬೈಂದು. ಬರೀ ನೀರು ಕುಡ್ಕಂಡು ಹೋಯ್ದು” ಎಂದರು, ನನಗಲ್ಲ, ತಟ್ಟೆಗೆ ಹೇಳಿದಂತೆ.

ಮುಂದಿನ ಸಂತೆಗೆ ಅತ್ತಿಗೆ ಬರಲಿಲ್ಲ. ಅದರ ಮುಂದಿನ ಸಂತೆಗೂ ಇಲ್ಲ. ಶಿರಸಿಗೆ ಬಂದಿದ್ದರು, ಪೇಟೆಯಲ್ಲಿ ಕಂಡವರಿದ್ದರು, ನಮ್ಮ ಮನೆಗೆ ಬರಲಿಲ್ಲ ಅಷ್ಟೇ. ಸಂತೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಗಂಡ ಗೇಟಿನ ಕಡೆ ನೋಡುತ್ತ ಮೊಸರನ್ನ ಕಲಸುತ್ತಿದ್ದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಒಂದು ಲೋಟ ಕಷಾಯದ ದೆಸೆಯಿಂದ ಅವರಿಗೆ ಅಕ್ಕನ ಮನೆಯ ದಾರಿ ಉಳಿದು, ಅಕ್ಕನಿಗೆ ತಮ್ಮನ ಮನೆಯ ದಾರಿ ಇಲ್ಲದಂತಾಗಿತ್ತು. ಇದನ್ನು ನಾನು ಸರಿಮಾಡಬೇಕು ಎಂದುಕೊಂಡೆ. ಅತ್ತಿಗೆ ನನ್ನ ಹೊಸ್ತಿಲು ದಾಟಿ ಬಂದು, ನನ್ನ ಕೈಯಿಂದ ತೆಗೆದುಕೊಂಡು ಕುಡಿಯಬೇಕು.

ನನಗೆ ಗೊತ್ತಿದ್ದ ದಾರಿ ಒಂದೇ, ಅಪಾಲಜಿ. ಇನ್‌ಲ್ಯಾಂಡ್ ಲೆಟರ್ ತಂದು, ಚಿತ್ತು ಕಾಟು ಇಲ್ಲದೆ, ಪುಸ್ತಕದ ಕನ್ನಡದಲ್ಲಿ ಬರೆದೆ. ತಾವು ನಮ್ಮ ಮನೆಗೆ ಬಂದಾಗ ಕಷಾಯ ಮಾಡಿಕೊಡದೆ ಅನಾದರ ತೋರಿದ್ದಕ್ಕೆ ದಯವಿಟ್ಟು ಕ್ಷಮಿಸಬೇಕು, ಇತ್ಯಾದಿ. ಬರೆದು ಹಾಕಿ ಬಂದಾಗ ಮನಸ್ಸು ಹಗುರವಾಗಿತ್ತು. ಉತ್ತರ ಬರಲಿಲ್ಲ.

ನಾವೇ ದೊಡ್ಮನೆಗೆ ಹೋದೆವು. ಅತ್ತಿಗೆ ಮರ್ಯಾದೆಯಲ್ಲಿ ಏನೂ ಕಮ್ಮಿ ಮಾಡಲಿಲ್ಲ. ಬೆಲ್ಲ, ನೀರು, ಆಮೇಲೆ ಹಲಸಿನ ಹಪ್ಪಳ ಸುಟ್ಟು, ಮೇಲೆ ಕೊಬ್ಬರಿ ಎಣ್ಣೆ ಸವರಿ, ಹಸಿ ಕಾಯಿಯ ಚೂರುಗಳ ಜೊತೆ ಇಟ್ಟರು. ಪಕ್ಕದಲ್ಲಿ ಕಷಾಯ. ಆ ಜೋಡಿ ತಿಂದವರಿಗೇ ಗೊತ್ತು: ಹಪ್ಪಳದ ಖಾರ ನಾಲಗೆಯ ತುದಿ ಹಿಡಿಯುತ್ತದೆ, ಕಾಯಿಯ ಚೂರು ಅದನ್ನು ಸ್ವಲ್ಪ ಸಮಾಧಾನ ಮಾಡುತ್ತದೆ, ಆಮೇಲೆ ಬೆಲ್ಲ, ಹಾಲು, ಕೊತ್ತಂಬರಿ, ಜೀರಿಗೆಯ ಬಿಸಿ ಒಂದು ಗುಟುಕು ಒಳಗೆ ಇಳಿಯುತ್ತದೆ. ಯಾವ ಚೀಸಿಗೆ ಯಾವ ವೈನ್ ಎಂದು ಇಂಗ್ಲಿಷ್ ಮ್ಯಾಗಝೀನುಗಳಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ನಮ್ಮವರು ಬರೆಯಲಿಲ್ಲ, ಹಪ್ಪಳ ಸುಟ್ಟರೆ ಕಷಾಯಕ್ಕೆ ತಾವಾಗಿಯೇ ನೀರಿಡುತ್ತಾರೆ.

ಹೊರಡುವಾಗ ಕೇಳಿದೆ. “ಅತ್ತಿಗೆ, ನೀವು ನಮ್ಮನೆಗೆ ಯಾವಾಗ ಬರ್ತೀರಿ?”

“ಬತ್ತೆ, ಬತ್ತೆ” ಎಂದರು. ಈ ಕಡೆಯಲ್ಲಿ ಎರಡು ಸಲ ‘ಬತ್ತೆ’ ಅಂದರೆ ಬರುವುದಿಲ್ಲ ಎನ್ನುವಷ್ಟು ನನಗೆ ಆಗ ತಿಳಿಯತೊಡಗಿತ್ತು. “ನನ್ನ ಕಾಗದ ಬಂದಿತ್ತಾ?” ಎಂದೂ ಕೇಳಿದೆ. ಅವರು ಕೊಡೆ ತರುತ್ತೇನೆಂದು ಒಳಗೆ ಹೋದರು. ಬಿಸಿಲಾಗಲಿ ಮಳೆಯಾಗಲಿ ಇರದ ಹೊತ್ತು ಅದು.

ನಮ್ಮ ಮನೆಯ ಮಾಲಕಿ ಬನವಾಸಿ ಕಡೆಯವರು, ಮೇಲಿನ ಭಾಗದಲ್ಲಿ ಇದ್ದರು. ಅವರ ಮನೆಗೆ ಹೋದರೆ ಪ್ರಶ್ನೆಯೇ ಇಲ್ಲ. ಕುಳಿತ ಎರಡು ನಿಮಿಷಕ್ಕೆ ಒಗ್ಗರಣೆ ಮಂಡಕ್ಕಿ, ಮೇಲೆ ಎರಡು ಮಿರ್ಚಿ ಭಜಿ, ಹಿಂದಿನಿಂದ ಹಲ್ಲು ಜುಮ್ಮೆನ್ನುವಷ್ಟು ಸಿಹಿಯಾದ ಚಹಾ. ಒಂದು ದಿನ ಅವರ ಮುಂದೆ ನನ್ನ ಕಥೆಯೆಲ್ಲ ಹೇಳಿಕೊಂಡೆ.

“ಅಲ್ರೀ ಬಾಯಾರ, ಕೇಳಿದ್ರ ಯಾರರ ‘ಹೂಂ, ಕೊಡ್ರಿ’ ಅಂತಾರೇನ್ರಿ?” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾವು ಕೇಳೂದ ಇಲ್ಲ. ತಂದು ಮುಂದ ಇಡತೀವಿ. ತಿನ್ನೂದು ಬಿಡೂದು ಅವರ ಹಣೇಬಾರ.”

“ಈಗ ಅವರು ಮನೆಗೇ ಬರೋದಿಲ್ಲ. ಯಾರ ಮುಂದೆ ಇಡ್ಲಿ?”

“ಅವರು ಎಲ್ಲಿ ಕುಂದರತಾರೋ ಅಲ್ಲೇ ಹೋಗಿ ಇಡ್ರಿ!”

ಅವರು ತಮಾಷೆಗೆ ಹೇಳಿದ್ದು. ನನ್ನ ತಲೆಯಲ್ಲಿ ಅದು ಉಳಿಯಿತು.

ಕಷಾಯ ಮಾಡುವುದನ್ನು ಮೊದಲು ಕಲಿಯಬೇಕಿತ್ತು. ಪುಡಿ ಅಂಗಡಿಯಲ್ಲಿ ಸಿಗುತ್ತಿತ್ತು, ಅದು ಬೇಡ ಅನ್ನಿಸಿತು. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಏಲಕ್ಕಿ ತಂದು ಹುರಿದೆ, ಪುಡಿ ಮಾಡಿದೆ. ಒಮ್ಮೆ ಮೆಂತೆ ಹೆಚ್ಚಾಗಿ ಕಹಿ, ಇನ್ನೊಮ್ಮೆ ಮೆಣಸು ಹೆಚ್ಚಾಗಿ ಕೆಮ್ಮು. ಮಾಲಕಿಯೇ ನನ್ನ ಟೇಸ್ಟರ್. “ಇದೇನ್ ಬಾಯಾರ, ನೆಗಡಿಗೆ ಮಾಡೀರೋ, ಬೀಗರಿಗೆ ಮಾಡೀರೋ?” ಎನ್ನುತ್ತ ಪ್ರತಿ ಸಲವೂ ಲೋಟ ಖಾಲಿ ಮಾಡಿಯೇ ಹೋಗುತ್ತಿದ್ದರು. ಗಂಡ ಏನೂ ಹೇಳದೆ ಕುಡಿಯುತ್ತಿದ್ದರು. ಒಂದು ದಿನ ಮಾತ್ರ ಲೋಟ ಮುಂದೆ ಹಿಡಿದು “ಇನ್ನು ಸ್ವಲ್ಪ ಇದ್ದ?” ಎಂದರು. ಆ ದಿನದ ಅಳತೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡೆ.

ಅಷ್ಟರಲ್ಲಿ ಎರಡು ವರ್ಷವಾಗಿತ್ತು. ಅತ್ತಿಗೆಗೆ ಕಣ್ಣಿನ ಪೊರೆ ತೆಗೆಸಿದ್ದಾರೆ, ತೋರಿಸಲು ಇಂಥ ದಿನ ಶಿರಸಿಗೆ ಬರುತ್ತಾರೆ ಎಂದು ನೆಂಟರೊಬ್ಬರಿಂದ ತಿಳಿಯಿತು. ಮಗ ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಪೇಟೆಯ ಕೆಲಸ ಮುಗಿಸಿಕೊಂಡು ಬರುತ್ತಾನೆ, ಮೂರೂವರೆಯ ಬಸ್ಸು. ನಾನು ಎರಡೂವರೆಗೇ ಒಲೆ ಹಚ್ಚಿದೆ. ಪುಣೆಯಿಂದ ತಂದಿದ್ದ ಕೆಂಪು ಫ್ಲಾಸ್ಕಿಗೆ ಕಷಾಯ ಸುರಿದು, ಡಬ್ಬಿಯಲ್ಲಿ ಹಪ್ಪಳ, ಕಾಯಿ ಚೂರು, ಸೆರಗಿನೊಳಗೆ ಎರಡು ಸ್ಟೀಲಿನ ಲೋಟ. ಓಣಿ ದಾಟುವಾಗ ಮಾಲಕಿ ಮೇಲಿನಿಂದ ಕೂಗಿದರು: “ಹೋಗಿ ಬರ್ರಿ ಬಾಯಾರ! ಗೆದ್ದು ಬರ್ರಿ!”

ಅತ್ತಿಗೆ ಕಲ್ಲುಬೆಂಚಿನ ತುದಿಯಲ್ಲಿ ಕುಳಿತಿದ್ದರು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ನಾನು ಪಕ್ಕದಲ್ಲೇ ಕುಳಿತರೂ ಅವರಿಗೆ ತಿಳಿಯಲಿಲ್ಲ. ಮಾತಾಡಲು ಧೈರ್ಯ ಬರಲಿಲ್ಲ. ಸುಮ್ಮನೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

ಅವರ ಮೂಗು ಮೊದಲು ತಿರುಗಿತು. “ಯಾರ ಮನೆ ಕಷಾಯವೇ ಅದು?”

“ನಿಮ್ಮ ತಮ್ಮನ ಮನೆದು, ಅತ್ತಿಗೆ.”

ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. ಕನ್ನಡಕದ ಹಿಂದೆ ಏನಿದೆಯೆಂದು ನನಗೂ ಕಾಣುವಂತಿರಲಿಲ್ಲ.

“ಒಂದು ಲೋಟ ಕುಡೀರಿ.”

“ಬ್ಯಾಡ ತಂಗಿ. ಬಸ್ಸು ಬತ್ತು.”

“ಅರ್ಧ ಲೋಟ.”

“ಬ್ಯಾಡದೇ. ಡಾಕ್ಟ್ರ ಹತ್ರ ಹೋಪಲೆ ಮೊದಲೇ ಎಂತದೋ ಕುಡದ್ದಿ.”

ಅವರ ಆ ಕಡೆ ಕುಳಿತಿದ್ದ, ಮಡಿಲಲ್ಲಿ ಕೋಳಿಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಬಗ್ಗಿ ನನ್ನನ್ನು ನೋಡಿದಳು. “ಕುಡೀರಿ ಅಮ್ಮಾ, ಇಷ್ಟು ಹೇಳ್ತಾರೆ. ನಿಮಗೆ ಬ್ಯಾಡಾದ್ರೆ ನಂಗಾದ್ರೂ ಕೊಡೂಕೆ ಹೇಳಿ” ಎಂದಳು.

ಮೂರನೇ ಸಲ ನಾನು ಕೇಳಲಿಲ್ಲ. ಲೋಟ ತುಂಬಿಸಿ ಅವರ ಕೈಗೆ ಮುಟ್ಟಿಸಿದೆ. ಬೆರಳುಗಳು ಒಂದು ಕ್ಷಣ ಹಾಗೇ ಇದ್ದವು, ಆಮೇಲೆ ಲೋಟದ ಸುತ್ತ ಮಡಚಿಕೊಂಡವು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ “ಸಿದ್ದಾಪ್ರ, ಸಿದ್ದಾಪ್ರ” ಎನ್ನತೊಡಗಿದ, ಜನ ನುಗ್ಗಿದರು, ಅತ್ತಿಗೆಯ ಮಗ ಎರಡು ಚೀಲ ಹಿಡಿದು ಓಡಿಬಂದ. ಅತ್ತಿಗೆ ಏಳಲಿಲ್ಲ. ಊದಿದರು, ಒಂದು ಗುಟುಕು ಕುಡಿದರು, ಮತ್ತೆ ಊದಿದರು. ಕಂಡಕ್ಟರ್ ಸೀಟಿ ಊದಿದ.

“ತಡಿಯ ತಮಾ!” ಎಂದು ಅತ್ತಿಗೆ ಬಸ್ಸಿನ ದಿಕ್ಕಿಗೆ ಕೂಗಿದರು. “ಕಷಾಯ ಬಿಸಿ ಇದ್ದು!”

ಬಸ್ಸು ನಿಂತಿತು. ಆಗಿನ ಬಸ್ಸುಗಳು ಅಷ್ಟು ಹೊತ್ತು ನಿಲ್ಲುತ್ತಿದ್ದವು.

ಲೋಟ ನನ್ನ ಕೈಗೆ ಕೊಟ್ಟು ಅವರು ಹೇಳಿದ್ದು ಇಷ್ಟು. “ಜೀರಿಗೆ ಇನ್ನೊಂಚೂರು ಹುರಿಯವು. ಬೆಲ್ಲ ಸಮಾ ಇದ್ದು.” ಎರಡು ಹೆಜ್ಜೆ ಹೋದವರು ಮಗನ ಭುಜ ಹಿಡಿದು ನಿಂತು, ತಿರುಗಿದರು. “ಅಲ್ದೇ, ಎಂಥ ಕಾಗದ ಬರದ್ಯೇ ಮಾರಾಯ್ತಿ! ಎಂಗೆ ಆಗ ಕಣ್ಣು ಕಾಣ್ತಿತ್ತಿಲ್ಲೆ. ಪೋಸ್ಟಿನವನ ಹತ್ರ ಓದ್ಸಿದಿ. ಅವ ಜಗಲಿ ಮೇಲೆ ನಿಂತ್ಕಂಡು, ಆಳುಕಾಳೆಲ್ಲ ಕೇಳ ಹಾಂಗೆ ಓದ್ದ. ಒಂದು ಲೋಟ ಕಷಾಯಕ್ಕೆ ಸಿಟ್ಟು ಮಾಡ್ಕಂಡವಳು ಹೇಳಿ ಊರಿಗೆಲ್ಲ ಆತು!”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೊಡೆ ತರಲು ಒಳಗೆ ಹೋದದ್ದರ ಅರ್ಥವೂ ಆಗ ಹೊಳೆಯಿತು. ತಮಗಾದ ನೋವನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳದೆ ನುಂಗಿಕೊಂಡಿದ್ದನ್ನು ನಾನು ಅಂಚೆಗೆ ಹಾಕಿ ಜಗಲಿಗೆ ತಲುಪಿಸಿದ್ದೆ. “ಸಾರಿ ಅತ್ತಿಗೆ” ಎಂದೆ, ಮತ್ತೆ ಅದೇ.

“ಸಾರಿ ಗೀರಿ ಎಂತಕ್ಕೆ? ಮುಂದಿನ ವಾರ ಕಣ್ಣಿಗೆ ತೋರ್ಸಲೆ ಮತ್ತೆ ಬರವು. ಈ ಫ್ಲಾಸ್ಕಿನ ಕಷಾಯ ಬಾಡ್ತು. ಒಲೆ ಮೇಲಿಂದಲೇ ಕೊಡು” ಎಂದು ಹೇಳಿ ಬಸ್ಸು ಹತ್ತಿದರು. ಕೋಳಿಬುಟ್ಟಿಯ ಹೆಂಗಸಿಗೆ ಇನ್ನೊಂದು ಲೋಟ ತುಂಬಿಸಿ ಕೊಟ್ಟೆ. ಅವಳು ಒಂದೇ ಸಲಕ್ಕೆ ತೆಗೆದುಕೊಂಡಳು.

ಮುಂದಿನ ವಾರ ಅವರು ಬಂದರು. ನಾನು ಕೇಳಿದೆ, ಅವರು ಬೇಡ ಅಂದರು, ಮತ್ತೆ ಕೇಳಿದೆ, ಮತ್ತೆ ಬೇಡ ಅಂದರು, ಅಷ್ಟರಲ್ಲಿ ನೀರು ಕುದಿಯುತ್ತಿತ್ತು. ಗಂಡ ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ ಬಂದು, ಯಾವುದೋ ಫೈಲ್ ಹುಡುಕುವ ನೆಪದಲ್ಲಿ ಅಲ್ಲೇ ಓಡಾಡುತ್ತಿದ್ದರು.

ಆಮೇಲಿನ ಹತ್ತು ಹದಿನೈದು ವರ್ಷ ಈ ಕೇಳುವ, ಬೇಡ ಅನ್ನುವ ಆಟ ನಮ್ಮಿಬ್ಬರ ನಡುವೆ ನಡೆಯಿತು. ನಾನು ಅದನ್ನು ಮೊದಲು ಹಿಪೊಕ್ರಸಿ ಅಂದುಕೊಂಡಿದ್ದೆ. ನೇರವಾಗಿ ಬೇಕು ಅನ್ನಲು ಏನು ಕಷ್ಟ? ಆಡುತ್ತ ಆಡುತ್ತ ಬೇರೆಯದೇ ಅನ್ನಿಸತೊಡಗಿತು. ಬೇಡ ಅನ್ನುವವರು ಇನ್ನೊಬ್ಬರ ಮನೆಯ ಹಾಲಿನ, ಸಕ್ಕರೆಯ, ದಣಿವಿನ ಬಗ್ಗೆ ಯೋಚಿಸುತ್ತಾರೆ. ಕೇಳುವವರು ಅದೆಲ್ಲ ಇದೆ, ಯೋಚನೆ ಬೇಡ ಎನ್ನುತ್ತಾರೆ. ಹೀಗೆ ನೇರವಾಗಿ ಹೇಳಲು ಇಬ್ಬರಿಗೂ ಸಂಕೋಚ. ಸಿಸ್ಟರ್ ಕಲಿಸಿದ್ದು ತಪ್ಪೆಂದು ನಾನು ಈಗಲೂ ಹೇಳಲಾರೆ. ಅವರ ಟೇಬಲ್ಲಿಗೆ ಅದು ಸರಿ. ಕಲ್ಲುಬೆಂಚಿಗೆ ಬೇರೆ ರೂಲ್ಸ್.

ಅತ್ತಿಗೆ ಹೊರಗೆ ಹೋಟೆಲಿನಲ್ಲಿ ತಿನ್ನುವವರಲ್ಲ. ಮಡಿಯ ಲೆಕ್ಕ. ನನಗೋ ಹೊರಗೆ ತಿನ್ನುವುದೆಂದರೆ ಪ್ರಾಣ. ಆ ದಶಕದ ಕೊನೆಗೆ ಗಂಡನಿಗೆ ಯಲ್ಲಾಪುರದ ಬ್ರಾಂಚಿಗೆ ವರ್ಗವಾಯಿತು. ಸಂಜೆ ಅಲ್ಲಿನ ಹೋಟೆಲೊಂದರಲ್ಲಿ ಬನ್ಸ್ ಮತ್ತು ಚಹಾ ನಮ್ಮ ಖಾಯಂ ಆರ್ಡರ್. ಬನ್ಸಿನ ಬಾಳೆಹಣ್ಣಿನ ಸಿಹಿಗೆ ಕಡಕ್ ಚಹಾ ಬೇಕು, ಕಾಫಿ ಹೊಂದುವುದಿಲ್ಲ. ಒಮ್ಮೆ ಇಡಗುಂದಿಯಲ್ಲಿ ನೆಂಟರ ಮನೆಯ ಮದುವೆ. ಅತ್ತಿಗೆಯೂ ಬಂದಿದ್ದರು. ವಾಪಸ್ ಬರುವಾಗ ಯಲ್ಲಾಪುರದಲ್ಲಿ ಬಸ್ಸಿಗೆ ಒಂದು ತಾಸು ಕಾಯಬೇಕಾಗಿ ಬಂತು. ಹೋಟೆಲಿನ ಬಾಗಿಲಲ್ಲೇ ಎಣ್ಣೆಯ ಬಾಣಲೆ. ಮಿರ್ಚಿ ಒಂದೊಂದಾಗಿ ಹಿಟ್ಟಿನಲ್ಲಿ ಮುಳುಗಿ ಎಣ್ಣೆಗೆ ಇಳಿಯುತ್ತಿತ್ತು. ಅತ್ತಿಗೆ ನೋಡುತ್ತ ನಿಂತರು.

“ಅದು ಎಂತರ ಹಿಟ್ಟು?”

“ಕಡಲೆಹಿಟ್ಟು, ಅತ್ತಿಗೆ.”

“ಅಕ್ಕಿ ಗಿಕ್ಕಿ ಇಲ್ಲೆ ಅಲ್ದಾ?”

“ಇಲ್ಲ.”

“ಅಂದ್ರೆ ಮುಸುರೆ ಇಲ್ಲೆ” ಎಂದು ಅವರು ಮೆಲ್ಲಗೆ, ಕೋರ್ಟಿನಲ್ಲಿ ತೀರ್ಪು ಕೊಡುವವರಂತೆ ಹೇಳಿದರು. ಬೇಯಿಸಿದ ಅನ್ನಕ್ಕೆ ಮುಸುರೆಯ ಮೈಲಿಗೆ, ಎಣ್ಣೆಯಲ್ಲಿ ಕರಿದದ್ದಕ್ಕೆ ಇಲ್ಲ. ಶಾಸ್ತ್ರ ಅವರ ಪರವಾಗಿತ್ತು.

“ಹಾಗಾದ್ರೆ ಒಳಗೆ ಕೂರೋಣ್ವಾ?”

“ಬ್ಯಾಡ ಬ್ಯಾಡ.”

“ಒಂದೇ ಒಂದು ಪ್ಲೇಟು.”

“ಬ್ಯಾಡ ಹೇಳಿದ್ನಲೇ.”

ನಾನು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ಅವರು ಮೂರು ಮಿರ್ಚಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು, ಮೂಗು ಕೆಂಪು. ಹೋಟೆಲಿನ ಲೋಟ ಮುಟ್ಟಲಿಲ್ಲ. ಚೀಲದಿಂದ ತಮ್ಮದೇ ಬೆಳ್ಳಿಯ ಪುಟ್ಟ ಲೋಟ ತೆಗೆದು ಚಹಾ ಹೊಯ್ಯಿಸಿಕೊಂಡರು. ಹಾಲು, ನೀರು ಯಾರು ಮುಟ್ಟಿದ್ದು ಎನ್ನುವ ಪ್ರಶ್ನೆಯನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. “ಮಿರ್ಚಿಗೆ ಕಷಾಯ ಸೇರ್ತಿಲ್ಲೆ. ಚಾನೇ ಬೇಕು” ಎಂದರು, ಹೊಸ ಶೋಧ ಮಾಡಿದವರಂತೆ. ಹೊರಗೆ ಬಂದ ಮೇಲೆ ಮಾತ್ರ ಸೆರಗಿನಿಂದ ಬಾಯಿ ಒರೆಸುತ್ತ, “ನಿನ್ನ ಗಂಡಂಗೆ ಹೇಳಡ. ಚಿಕ್ಕವನಿದ್ದಾಗ ಹೋಟೆಲ್ ತಿಂಡಿ ಕೇಳ್ದ ಹೇಳಿ ಆನೇ ಅವಂಗೆ ಹೊಡದಿದ್ದಿ” ಎಂದರು.

ನಾನು ಅವರಿಗೆ ‘ನೀವು’ ಅನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ. “ಆನೆಂತ ನಿನ್ನ ಹೆಡ್‌ಮಿಸ್ಟ್ರೆಸ್ಸ?” ಎಂದು ಅವರು ರೇಗಿಸುವುದನ್ನೂ ಬಿಡಲಿಲ್ಲ.

ಎರಡು ಸಾವಿರದ ಇಸವಿಯ ನಂತರ ನಾವು ಇಸಳೂರಿನಲ್ಲಿ ಸಣ್ಣ ಮನೆ ಕಟ್ಟಿದೆವು. ಅತ್ತಿಗೆ ಬಂದರೆ ವಾರ ಇರುತ್ತಿದ್ದರು. ಬೇಸಿಗೆಯಾದರೆ ಬರುವಾಗ ಅಪ್ಪೆಮಿಡಿ ತರುತ್ತಿದ್ದರು, ಅವರ ಮನೆಯ ಹಿಂದಿನ ಹೊಳೆಯಂಚಿನ ಮಾವಿನ ಮರದ್ದು. ಮಿಡಿಯನ್ನು ಬೇಯಿಸಿ, ಕಿವುಚಿ, ನೀರು ಬೆರೆಸಿ, ಉಪ್ಪು, ಹಸಿಮೆಣಸು, ಮೇಲೆ ಇಂಗಿನ ಒಗ್ಗರಣೆ. ಅಪ್ಪೆಹುಳಿ. ಮೊಸರನ್ನ ಮುಗಿದ ಮೇಲೆ ಅದನ್ನು ಲೋಟದಲ್ಲಿ ಕುಡಿಯಬೇಕು. ಕುಡಿದ ಹತ್ತು ನಿಮಿಷಕ್ಕೆ ಕಣ್ಣು ಎಳೆಯುತ್ತದೆ. ತಣ್ಣನೆ ನೆಲದ ಮೇಲೆ ನಾವಿಬ್ಬರೂ ತಲೆಗೆ ಕೈ ಕೊಟ್ಟು ಮಲಗಿ, ಮಾತು ಎಲ್ಲಿ ನಿಂತು ನಿದ್ದೆ ಎಲ್ಲಿ ಶುರುವಾಯಿತೆಂದು ತಿಳಿಯದ ಮಧ್ಯಾಹ್ನಗಳು. ನನ್ನ ಬದುಕಿನಲ್ಲಿ ಕಂಫರ್ಟ್ ಎನ್ನುವ ಇಂಗ್ಲಿಷ್ ಶಬ್ದಕ್ಕೆ ಯಾರಾದರೂ ಅರ್ಥ ಕೇಳಿದರೆ ನಾನು ಆ ನೆಲವನ್ನು ತೋರಿಸಬೇಕು.

ಆಮೇಲೆ ಅತ್ತಿಗೆಗೆ ಹೊಟ್ಟೆಯ ಕಾಯಿಲೆ ಶುರುವಾಯಿತು. ಆಸ್ಪತ್ರೆಗೆ ಓಡಾಡಿದ್ದಾಯಿತು. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದರು. ಅಪ್ಪೆಮಿಡಿಯ ಕಾಲದಲ್ಲೇ ನಾವು ದೊಡ್ಮನೆಗೆ ಹೋದೆವು. ಆ ಹಳೆಯ ಕೆಂಪು ಫ್ಲಾಸ್ಕಿನಲ್ಲಿ ನಾನು ಕಷಾಯ ಒಯ್ದಿದ್ದೆ. ಜೀರಿಗೆ ಇನ್ನೊಂಚೂರು ಹುರಿದಿದ್ದೆ.

ಅವರು ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಕೈ ಹಿಡಿದರೆ ತೂಕವೇ ಇರಲಿಲ್ಲ. ಗಂಡ ಅಕ್ಕನ ಕಾಲಿನ ಬಳಿ ಕುಳಿತು ಹೊದಿಕೆ ಸರಿಮಾಡಿ, ಎದ್ದು ಹೊರಗೆ ಹೋದರು.

“ಅತ್ತಿಗೆ, ಕಷಾಯ ತಂದಿದೀನಿ. ಒಂದು ಗುಟುಕು?”

“ಬ್ಯಾಡ ತಂಗಿ.”

“ಒಂದು ಚಮಚ, ತುಟಿಗೆ?”

“ಬ್ಯಾಡ.”

ನನ್ನ ಕೈ ಆಗಲೇ ಮುಚ್ಚಳದ ಮೇಲಿತ್ತು. ಮೂರನೇದನ್ನು ಕೇಳದೆ ಕೊಡುವವಳು ನಾನು. ಅವರ ಮುಖ ನೋಡಿದೆ. ಇಷ್ಟು ವರ್ಷ ಕೇಳಿದ ಬೇಡಗಳ ಪೈಕಿ ಇದು ಅಲ್ಲ. ಇದರಲ್ಲಿ ಸಂಕೋಚವಿರಲಿಲ್ಲ, ಆಟವಿರಲಿಲ್ಲ. ಮುಚ್ಚಳ ಬಿಗಿ ಮಾಡಿ ಫ್ಲಾಸ್ಕನ್ನು ಮಂಚದ ಕೆಳಗೆ ಸರಿಸಿದೆ. ಅವರು ಕಣ್ಣು ಮುಚ್ಚಿದರು. ಮನಸ್ಸು ಹಗುರವಾಯಿತೇನೋ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟರು. “ನಿಂಗೆ ಆಸ್ರಿಗೆ ಎಂತ?”

“ಏನೂ ಬೇಡ ಅತ್ತಿಗೆ. ಊಟ ಮಾಡ್ಕೊಂಡೇ ಬಂದ್ವಿ.”

“ಅಪ್ಪೆಹುಳಿ ಇದ್ದು.”

“ಬೇಡ ಅತ್ತಿಗೆ.”

ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಈಗಲೇ ಹೂಂ ಅಂದುಬಿಡಲೇ ಅನ್ನಿಸಿತು. ಅನ್ನಲಿಲ್ಲ. ಮನೆ ಅವರದು, ಕೇಳುವ ಸರದಿ ಅವರದು. ಕಾದೆ. ಅವರು ಮೂರನೇ ಸಲ ಕೇಳಲಿಲ್ಲ. ಬಾಗಿಲ ಕಡೆ ತಲೆ ಹೊರಳಿಸಿ ಸೊಸೆಯನ್ನು ಕರೆದರು. “ಕೂಸೇ, ದೊಡ್ಡ ಲೋಟದಲ್ಲಿ ತಾ.”

ಸೊಸೆ ತಂದಳು. ತಣ್ಣಗಿತ್ತು, ಇಂಗಿನ ಘಮವಿತ್ತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸದೆ ಕುಡಿದೆ.

“ಉಪ್ಪು?”

“ಸಮಾ ಇದ್ದು” ಎಂದೆ. ಅವರ ಮಾತು ನನ್ನ ಬಾಯಿಗೆ ಹೇಗೆ ಬಂತೋ.

ಖಾಲಿ ಲೋಟವನ್ನು ಸದ್ದಾಗದಂತೆ ನೆಲದ ಮೇಲೆ ಇಟ್ಟೆ. ಬಸ್ಸಿನ ಹೊತ್ತಾಯಿತೆಂದು ಗಂಡ ಹೊರಗಿನಿಂದ ಕರೆದರು. ಬಾಗಿಲಲ್ಲಿ ತಿರುಗಿ ನೋಡಿದಾಗ ಅತ್ತಿಗೆ ಮಂಚದ ಅಂಚಿನಿಂದ ತಲೆ ಚಾಚಿ ಕೆಳಗೆ ನೋಡುತ್ತಿದ್ದರು. ನನ್ನ ಲೋಟದಲ್ಲಿ ಏನಾದರೂ ಉಳಿದಿದೆಯೇ ಎಂದು.